ಬೆಂಕಿ ಲಾರ್ಸನ ಮೊಮ್ಮಗಳು

ಅವಳನ್ನು ಸಂಘದಿಂದ ಯಾರೂ ಹೊರಗೆ ಹಾಕಲಿಲ್ಲ. ಅವಳೇ ಎದ್ದು ಬಂದಳು. ನಡೆದದ್ದು ಇಷ್ಟೇ. ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ, ನನ್ನ ತಟ್ಟೆಯಲ್ಲಿ ಬೇಯಿಸಿದ ಬಟಾಟೆ ಹಾಗೇ ಇತ್ತು. ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ.

ಅವಳ ಮಣ್ಣಿಗೆ ಬಂದ ಜನ ಬೇರೆಯೇ ಹೇಳಿದರು. ಕೊನೆಗಾಲದಲ್ಲಿ ಅವಮಾನವಾಯಿತಂತೆ, ಆಸೆ ಆಸೆಯಾಗಿಯೇ ಉಳಿಯಿತಂತೆ, ಆ ಕೊರಗಿನಲ್ಲೇ ಹೋದಳಂತೆ. ಕೊರಗಿನಲ್ಲಿ ಹೋದವಳಲ್ಲ ಅವಳು. ಹಾರ್ಟಿನ ತೊಂದರೆ ಹನ್ನೆರಡು ವರ್ಷದಿಂದ ಇತ್ತು. ಉಪ್ಪು ಬಿಡು ಎಂದರೆ ಬಿಡಲಿಲ್ಲ. ಅದರಲ್ಲಿ ಹೋದಳು. ಸತ್ತವರ ಬಗ್ಗೆ ಒಳ್ಳೆಯ ಮಾತು ಆಡಬೇಕೆಂದು ಜನ ಸುಳ್ಳು ಆಡುತ್ತಾರೆ. ನನಗೆ ಅದು ಬರುವುದಿಲ್ಲ.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರಿನ ವಿಷಯಕ್ಕೇ ಸಾಯುವವರೆಗೆ ಹೊಡೆದಾಡಿದವಳು, ನಾನು ಬರೆದು ಇನ್ನೊಂದು ಜಗಳ ಹುಟ್ಟಿಸುವುದು ಬೇಡ. ನಾನು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಅಮೆರಿಕದಲ್ಲಿ ಎಲ್ಲರೂ ಕರೆಯುತ್ತಾರೆ ಎಂದು ಮಗಳು ಹೇಳಿದಳು. ಕರೆಯಲಿ.

ಮಾರಿಸ್‌ಟೌನಿನಲ್ಲಿ, ಉತ್ತರ ಜೆರ್ಸಿಯ ಈ ಊರಿನಲ್ಲಿ, ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಬೇಲಿ. ಮಗಳು ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಅವಳ ಬಾಣಂತನಕ್ಕೆಂದು ಬಂದ ನಾನು ಉಳಿದುಬಿಟ್ಟೆ. ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಾಗಿಲ ಮೆಟ್ಟಿಲ ಮೇಲೆ ಮಂಜು ಗಟ್ಟಿಯಾಗಿತ್ತು. ಒಳಗಿಂದ ಕುದಿಯುವ ನೀರು ತಂದು ಹುಯ್ದೆ. ಎರಡು ಕೊಡ ಹುಯ್ದಿರಬಹುದು. ಮಂಜು ಕರಗಿತು, ನಾನು ಗೆದ್ದೆ ಎಂದುಕೊಂಡೆ. ಬೇಲಿಯಾಚೆಯಿಂದ ಒಬ್ಬಳು ಗಂಡಸಿನ ಕೋಟು ಹಾಕಿಕೊಂಡು ಕೂಗುತ್ತ ಬಂದಳು. ನನಗೆ ಒಂದಕ್ಷರ ತಿಳಿಯಲಿಲ್ಲ. ಅವಳು ನನ್ನ ರಟ್ಟೆ ಹಿಡಿದು ಅಲ್ಲೇ ನಿಲ್ಲಿಸಿ ಮೆಟ್ಟಿಲ ಕಡೆ ಬೆರಳು ತೋರಿಸಿದಳು. ನೋಡುತ್ತಿದ್ದಂತೆ ಹುಯ್ದ ನೀರೆಲ್ಲ ಗಾಜಾಯಿತು. ನೈಟ್ ಶಿಫ್ಟ್ ಮುಗಿಸಿ ಬರುವ ಮಗಳು ಅದರ ಮೇಲೆ ಕಾಲಿಟ್ಟಿದ್ದರೆ ಸೊಂಟ ಮುರಿಯುತ್ತಿತ್ತು. ಅವಳು ಒಂದು ಚೀಲ ಕಲ್ಲುಪ್ಪು ತಂದು ಎರಚಿದಳು. ಬಿಸಿನೀರು ಎಷ್ಟು ಹುಯ್ದರೂ ಮುಗಿಯುವುದಿಲ್ಲ, ಉಪ್ಪಿಗೆ ಕೆಲಸ ಗೊತ್ತು ಎಂಬಂತೆ ನನ್ನ ಮುಖ ನೋಡಿದಳು. ಆವತ್ತಿನಿಂದ ಶುರು.

ಅವಳದು ಇಂಗ್ಲಿಷ್. ನಾನು ಅಂಕೋಲೆಯ ಮೇಲಿನ ಒಂದು ಹಳ್ಳಿಯಲ್ಲಿ ನಾಲ್ಕನೇ ಇಯತ್ತೆ ಕಲಿತವಳು, ನನ್ನ ಇಂಗ್ಲಿಷ್ ಹರಕು. ಆದರೂ ಹದಿನೈದು ವರ್ಷ ಜಗಳವಾಡಿದೆವು. ಜಗಳಕ್ಕೆ ಸಾಕಾಗುವಷ್ಟು ಭಾಷೆ ಇತ್ತು ಎಂದಾಯಿತು. ಇಲ್ಲಿ ಅವಳ ಮಾತನ್ನು ನನ್ನ ಬಾಯಿಯಲ್ಲೇ ಬರೆಯುತ್ತೇನೆ.

ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದೆ. ದಿನಕ್ಕೆ ಐವತ್ತು ಮಕ್ಕಳನ್ನು ನೋಡಿಕೊಂಡು ಬಂದವಳಿಗೆ ಮನೆಯಲ್ಲಿ ಮತ್ತೊಬ್ಬ ಯಾಕೆ ಎಂದಳು. ಯಾವ ಕೋಣೆಗೆ ಹೋದರೂ ಮೊದಲು ತಲೆ ಎಣಿಸುವಳು. ನಮ್ಮ ಮನೆಯ ಗಣಪತಿ ಹಬ್ಬಕ್ಕೆ ಬಂದಾಗಲೂ ಬಾಗಿಲಲ್ಲಿ ನಿಂತು ತುಟಿ ಅಲ್ಲಾಡಿಸಿ ಎಣಿಸಿದಳು. ಯಾರಾದರೂ ನಿಂತುಕೊಂಡು ಮಾತಾಡಿದರೆ ಅವಳಿಗೆ ಆಗುತ್ತಿರಲಿಲ್ಲ. "ಮೊದಲು ಕೂತ್ಕೊಳ್ಳಿ. ಕೂತ ಮೇಲೆ ಮಾತು." ನನ್ನ ಅಳಿಯ, ಹೋಟೆಲಿನಲ್ಲಿ ಇಪ್ಪತ್ತು ಜನರ ಮೇಲೆ ದರ್ಬಾರು ಮಾಡುವವನು, ಅವಳು ಹೇಳಿದ ಕೂಡಲೇ ಕೂರುತ್ತಿದ್ದ.

ಇನ್ನೊಂದು ಅಭ್ಯಾಸವಿತ್ತು. ಎದುರಿನವರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ ಉತ್ತರ ಕೊಡುತ್ತಿರಲಿಲ್ಲ. ಕಣ್ಣು ಮಾತ್ರ ಮೇಲೆತ್ತುವಳು. ಬಸ್ಸಿನಲ್ಲಿ ಡ್ರೈವರನ ತಲೆಯ ಮೇಲೆ ದೊಡ್ಡ ಕನ್ನಡಿ ಇರುತ್ತದಲ್ಲ, ಹಿಂದಿನ ಸೀಟಿನ ಕಿತಾಪತಿ ಅದರಲ್ಲಿ ಕಾಣುತ್ತದೆ. ಬಸ್ಸು ಬಿಟ್ಟು ಎಷ್ಟೋ ವರ್ಷವಾದರೂ ಕನ್ನಡಿ ಅವಳ ಹಣೆಯ ಮೇಲೆ ಹಾಗೇ ಇತ್ತು.

ಅವಳು ಮೊದಲ ಸಲ ನನ್ನನ್ನು ಕಾರಿನಲ್ಲಿ ಇಂಡಿಯನ್ ಅಂಗಡಿಗೆ ಕರೆದುಕೊಂಡು ಹೋದಾಗ ನಾನು ಹಿಂದಿನ ಸೀಟಿನಲ್ಲಿ ಕೂತೆ. ಟ್ಯಾಕ್ಸಿಯಲ್ಲಿ ಕೂತು ಅಭ್ಯಾಸ. ಮಗಳಿಗೆ ನಾಚಿಕೆಯಾಯಿತು, ಅದು ಇನ್ಸಲ್ಟ್ ಅಮ್ಮಾ ಎಂದಳು. ಅಕ್ಕನಿಗೆ ಮಾತ್ರ ಖುಷಿಯಾಯಿತು. ಕನ್ನಡಿಯಲ್ಲಿ ಒಬ್ಬರಾದರೂ ಕಾಣಬೇಕು ಎಂದಳು. ಮುಂದೆಂದೂ ನಾನು ಮುಂದೆ ಕೂರಲಿಲ್ಲ.

ಅವಳ ಅಡಿಗೆಮನೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಬ್ರೆಡ್ ಇಡುತ್ತಿದ್ದಳು. ಅಪ್ಪನ ಕಡೆಯಿಂದ ಬಂದದ್ದು, ಎಷ್ಟು ತಲೆಮಾರಿನ ಹಿಂದಿನದೋ ಅವಳಿಗೂ ಗೊತ್ತಿರಲಿಲ್ಲ. ಮುಚ್ಚಳದ ಮೇಲೆ ಕಾದ ಕಬ್ಬಿಣದಿಂದ ಸುಟ್ಟು ಬರೆದ ಒಂದು ಗುರುತು. ನೆಟ್ಟಗೆ ಒಂದು ಗೆರೆ, ಅದಕ್ಕೆ ಎಡಕ್ಕೆರಡು ಬಲಕ್ಕೆರಡು ಓರೆ ಗೆರೆ. ಎಳೆ ಮಕ್ಕಳು ಮರ ಬರೆಯುತ್ತಾರಲ್ಲ, ಹಾಗೆ. ಬ್ರೆಡ್ ಪೆಟ್ಟಿಗೆಯ ಪಕ್ಕದಲ್ಲಿ, ಕುರ್ಚಿಯ ಮೇಲೆ, ಕುರ್ಚಿಯ ಕೆಳಗೆ, ಎಲ್ಲ ಕಡೆ ಕಾಗದ. ರಿಟೈರ್ ಆದ ದಿನದಿಂದ ಅವಳಿಗೆ ಹಿಡಿದ ಹುಚ್ಚು ಅದು.

ಹುಚ್ಚು ಏನೆಂದರೆ, ಅವಳ ಅಪ್ಪನ ಕಡೆಯ ಮೂಲಪುರುಷನನ್ನು ಹುಡುಕುವುದು. ಇಂಗ್ಲಿಷರು ಈ ಜಾಗ ಹಿಡಿಯುವ ಮೊದಲು, ಮುನ್ನೂರು ವರ್ಷಕ್ಕೂ ಹಿಂದೆ, ಸ್ವೀಡನ್ ದೇಶದಿಂದ ಹಡಗಿನಲ್ಲಿ ಬಂದು ದಕ್ಷಿಣದ ಡೆಲವೇರ್ ಹೊಳೆಯ ದಂಡೆಯಲ್ಲಿ ನೆಲೆಸಿದ ಜನರಿದ್ದರು. ಅವರಲ್ಲಿ ಒಬ್ಬ ತನ್ನವನು ಎಂದು ಅಕ್ಕನ ಅಪ್ಪ ಕುಡಿದಾಗಲೆಲ್ಲ ಹೇಳುತ್ತಿದ್ದನಂತೆ. ಅವಳು ಚರ್ಚಿನ ಪುಸ್ತಕ, ಕಚೇರಿಯ ಪುಸ್ತಕ ಎಲ್ಲ ಅಗೆದು ಒಂದೊಂದು ತಲೆ ಹಿಂದೆ ಹೋಗಿ, ಕೊನೆಗೆ ಲಾರ್ಸ್ ಎನ್ನುವವನ ಮೊಮ್ಮಗನವರೆಗೆ ಮುಟ್ಟಿದ್ದಳು. ಅಲ್ಲಿ ಗಾಡಿ ನಿಂತಿತ್ತು. ಯಾಕೆಂದರೆ ಆ ಕಾಲದಲ್ಲಿ ಅಲ್ಲಿ ಲಾರ್ಸ್‌ಗಳು ಇಬ್ಬರು. ಇಬ್ಬರ ಅಪ್ಪನ ಹೆಸರೂ ಮ್ಯಾಟ್ಸ್. ಮನೆತನದ ಹೆಸರು ಆಗ ಇಲ್ಲ, ಅಪ್ಪನ ಹೆಸರೇ ಹಿಂದೆ ಬಾಲ. ಕಾಗದದ ಮೇಲೆ ಇಬ್ಬರೂ ಒಂದೇ. ನನಗೆ ಇದು ವಿಚಿತ್ರ ಅನ್ನಿಸಲಿಲ್ಲ. ನಮ್ಮೂರಲ್ಲಿ ತಿಮ್ಮಪ್ಪ ಎಂದು ಕೂಗಿದರೆ ಏಳು ಮನೆಯಿಂದ ಓಗೊಡುತ್ತಿದ್ದರು.

ಒಬ್ಬ ಲಾರ್ಸ್ ಹೊಳೆಯ ಬದಿಗೆ ಒಳ್ಳೆಯ ಜಮೀನು ಮಾಡಿದವನು, ಚರ್ಚು ಕಟ್ಟಲು ಜಾಗ ಕೊಟ್ಟವನು. ಇನ್ನೊಬ್ಬನ ಮುಂದೆ ಹಡಗಿನ ಪಟ್ಟಿಯಲ್ಲಿ ಒಂದು ಸಾಲು ಇತ್ತು. ಅಪ್ಪಣೆಯಿಲ್ಲದೆ ಕಾಡು ಸುಟ್ಟ ತಪ್ಪಿಗೆ ದಂಡನೆಯಾಗಿ ಕಳುಹಿಸಿದ್ದು ಎಂದು. ಅಕ್ಕ ಅವನಿಗೆ ಬೆಂಕಿ ಲಾರ್ಸ್ ಎಂದು ಹೆಸರಿಟ್ಟು ನಗುತ್ತಿದ್ದಳು. ಅವಳ ನಗೆಗೆ ಶಬ್ದವಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. "ಅವನು ಯಾರ ಪಾಲಿಗೆ ಬಂದಿದ್ದಾನೋ, ಪಾಪ. ನನ್ನವನು ಮಾತ್ರ ಜಮೀನಿನ ಲಾರ್ಸ್."

ಹಾಗೆಂದು ನಿನಗೆ ಹೇಳಿದ್ದು ಯಾರು ಎಂದು ಕೇಳಿದೆ.

"ಸಂಘದವರೂ ಹಾಗೇ ಹೇಳುತ್ತಾರೆ."

ಆ ಹಳೆಯ ಜನರ ವಂಶದವರದೊಂದು ಸಂಘವಿದೆ. ಅರ್ಜಿ ಹಾಕಬೇಕು, ಕಾಗದ ತೋರಿಸಬೇಕು, ಒಪ್ಪಿದರೆ ವರ್ಷಕ್ಕೊಮ್ಮೆ ಊಟದ ದಿನ ಎಲ್ಲರೆದುರು ಹೆಸರು ಓದಿ ಸರ್ಟಿಫಿಕೇಟ್ ಕೊಡುತ್ತಾರೆ. ಅಕ್ಕನಿಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಮೊಳೆ ಮೊದಲೇ ಹೊಡೆದಿಟ್ಟಿದ್ದಳು, ಮುಂಬಾಗಿಲ ಎದುರಿನ ಗೋಡೆಗೆ. ನಾಲ್ಕು ವರ್ಷ ಆ ಮೊಳೆ ಬರಿದೇ ನಿಂತಿತ್ತು.

ಎಂತಕ್ಕೆ ಇಷ್ಟು ಆಸೆ ಎಂದು ನಾನು ಬಹಳ ದಿನ ಕೇಳಲಿಲ್ಲ. ಒಂದು ಸಲ ಅವಳೇ ಹೇಳಿದಳು. ಅವಳ ಅಪ್ಪ, ಅಜ್ಜ ಎಲ್ಲ ದಕ್ಷಿಣ ಜೆರ್ಸಿಯ ಪೈನ್ ಕಾಡಿನಲ್ಲಿ ಇದ್ದಿಲು ಸುಟ್ಟು ಬದುಕಿದವರು. ಹುಡುಗಿಯಾಗಿದ್ದಾಗ ಅವಳ ಫ್ರಾಕು, ಕೂದಲು, ಪುಸ್ತಕ ಎಲ್ಲ ಹೊಗೆ ನಾರುತ್ತಿತ್ತು. ಶಾಲೆಯ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅವಳು ಹತ್ತಿದ ಕೂಡಲೇ ಕಿಟಕಿ ತೆಗೆಯುತ್ತಿದ್ದರು, ಚಳಿಗಾಲದಲ್ಲೂ. ಡ್ರೈವರ್ ಕನ್ನಡಿಯಲ್ಲಿ ನೋಡಿ ಸುಮ್ಮನಿರುತ್ತಿದ್ದನಂತೆ. ಆ ಬಸ್ಸಿನ ಮಕ್ಕಳಿಗೆಲ್ಲ, ಎಲ್ಲೆಲ್ಲಿದ್ದಾರೋ, ಆ ಸರ್ಟಿಫಿಕೇಟ್ ತೋರಿಸಬೇಕಿತ್ತು ಅವಳಿಗೆ. ಇದನ್ನು ಹೇಳುವಾಗ ಅಳಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು, ಉಪ್ಪಿನ ಬೆಣ್ಣೆ.

ಕಳೆದ ವರ್ಷ ಬೇಸಿಗೆಯಲ್ಲಿ ಸಂಘದಿಂದ ಪತ್ರ ಬಂತು. ಅರ್ಜಿ ಪಾಸಾಗಿದೆ, ಸೆಪ್ಟೆಂಬರಿನ ಊಟಕ್ಕೆ ಬನ್ನಿ ಎಂದು. ಅವಳು ಬೇಲಿ ದಾಟಿ ಓಡಿ ಬಂದಳು. ಕೂತುಕೋ ಎಂದು ನಾನು ಹೇಳಬೇಕಾಯಿತು.

ಅಲ್ಲಿಗೆ ಬಿಡಬಹುದಿತ್ತು. ಅವಳಿಗೆ ಇನ್ನೊಂದು ಚಪಲ ಹುಟ್ಟಿತು. ಜಮೀನಿನ ಲಾರ್ಸನ ಸಹಿ ಇರುವ ಕ್ರಯಪತ್ರ ದಕ್ಷಿಣದ ಒಂದು ಕಚೇರಿಯಲ್ಲಿದೆ, ಅದರ ಫೋಟೋ ತೆಗೆದು ಸರ್ಟಿಫಿಕೇಟಿನ ಪಕ್ಕ ತೂಗುಹಾಕಬೇಕು ಎಂದು. ಎರಡು ತಾಸಿನ ದಾರಿ. ನಾನು ಚಿತ್ರಾನ್ನ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ.

ಕಚೇರಿಯ ಮುದುಕ ಗುಮಾಸ್ತ ದೊಡ್ಡ ಹಾಳೆಯೊಂದನ್ನು ತಂದು ಮೇಜಿನ ಮೇಲೆ ಹರವಿದ. ಅಕ್ಷರ ಬಾರದವರು ಸಹಿಯ ಬದಲು ತಂತಮ್ಮ ಮನೆಯ ಗುರುತು ಬರೆಯುತ್ತಿದ್ದರಂತೆ. ಜಮೀನಿನ ಲಾರ್ಸನ ಗುರುತು ಒಂದು ಚೌಕ, ಒಳಗೆ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ, ಕಿಟಕಿಯ ಹಾಗೆ. ಅಕ್ಕ ಅದನ್ನು ನೋಡುತ್ತ ನಿಂತಳು. ಕೂತ ಮೇಲೆ ಮಾತು ಎನ್ನುವವಳು ನಿಂತೇ ಇದ್ದಳು.

ನನಗೆ ಆ ಬರಹ ಓದಲು ಬರುವುದಿಲ್ಲ. ಓದು ಬರುವವರು ಹೆಸರು ನೋಡುತ್ತಾರೆ, ನಾನು ಗೆರೆ ನೋಡಿದೆ. ಕಿಟಕಿಯ ಕೆಳಗೆ, ಸಾಕ್ಷಿ ಹಾಕಿದವರ ಜಾಗದಲ್ಲಿ, ಇನ್ನೊಂದು ಗುರುತು ಇತ್ತು. ನೆಟ್ಟಗೆ ಒಂದು ಗೆರೆ, ಎಡಕ್ಕೊಂದು ಬಲಕ್ಕೊಂದು ಓರೆ ಗೆರೆ.

"ಅಕ್ಕ, ಇದು ನಿನ್ನ ಬ್ರೆಡ್ ಪೆಟ್ಟಿಗೆ" ಎಂದೆ.

ಪೆಟ್ಟಿಗೆಯದಕ್ಕೆ ನಾಲ್ಕು ಕೊಂಬೆ, ಇದಕ್ಕೆ ಎರಡೇ ಎಂದು ಅವಳು ಸಿಡುಕಿದಳು. ಗುಮಾಸ್ತ ನಮ್ಮಿಬ್ಬರನ್ನೂ ನೋಡಿದ. ಮಗನಾದವನು ಅಪ್ಪನ ಗುರುತಿಗೆ ಒಂದು ಗೆರೆ ಸೇರಿಸಿ ತನ್ನದು ಮಾಡಿಕೊಳ್ಳುತ್ತಿದ್ದ, ಅದು ಅವರ ಪದ್ಧತಿ ಎಂದ. ಒಳಗೆ ಹೋಗಿ ಇನ್ನೊಂದು ಹಾಳೆ ತಂದ. ಅದರಲ್ಲಿ ಮೂರು ಕೊಂಬೆ. ಅಪ್ಪನದು ಎರಡು, ಮಗನದು ಮೂರು, ಮೊಮ್ಮಗನದು ನಾಲ್ಕು, ಅಕ್ಕನ ಅಡಿಗೆಮನೆಯಲ್ಲಿ. ಎರಡು ಕೊಂಬೆಯವನ ಹೆಸರೇನು ಎಂದು ನಾನೇ ಕೇಳಿದೆ. ಅವನೂ ಲಾರ್ಸ್, ಮ್ಯಾಟ್ಸನ ಮಗ, ಕಾಡಿನ ಅಂಚಿನಲ್ಲಿದ್ದವನು, ಹಡಗಿನ ಪಟ್ಟಿಯಲ್ಲಿ ಅವನ ಮುಂದೆ ಏನೋ ದಂಡನೆಯ ವಿಷಯ ಇದೆ ಎಂದ ಗುಮಾಸ್ತ.

ಆಗ ನೀನು ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂದು ಮಗಳು ಇವತ್ತಿಗೂ ಹೇಳುತ್ತಾಳೆ. ಕಂಡದ್ದನ್ನು ಕಂಡಿಲ್ಲ ಎಂದು ಹೇಳಬೇಕಿತ್ತೇ?

ಹಿಂದಿರುಗುವಾಗ ಅಕ್ಕ ಕನ್ನಡಿಯಲ್ಲಿ ಒಮ್ಮೆಯೂ ನನ್ನನ್ನು ನೋಡಲಿಲ್ಲ. ಚಿತ್ರಾನ್ನ ಮುಟ್ಟಲಿಲ್ಲ. ಮನೆ ಮುಟ್ಟಿದ ಮೇಲೆ ಒಂದೇ ಮಾತು ಆಡಿದಳು. "ಅರ್ಜಿಗೆಂದು ನಾಲ್ಕು ವರ್ಷ ನಾನು ಮಾಡಿದ್ದನ್ನು ನೀನು ನಾಲ್ಕು ಗೆರೆಯಲ್ಲಿ ಅಳಿಸಿದೆ."

ಹನ್ನೊಂದು ದಿನ ಮಾತಿಲ್ಲ. ಕಸದ ಡಬ್ಬ ಇಡಲು ಬಂದರೂ ಮುಖ ತಿರುವಿ ಹೋಗುವಳು. ಹೋಗಿ ಸಾರಿ ಕೇಳು ಎಂದು ಮಗಳು ಹೇಳಿದಳು. "ಅಮ್ಮಾ, ಇಟ್ಸ್ ನಾಟ್ ಅವರ್ ಬಿಸಿನೆಸ್. ಅವರ ಫ್ಯಾಮಿಲಿ ವಿಷಯ ನಿನಗೆ ಯಾಕೆ?" ನಾನು ಕೇಳಲಿಲ್ಲ. ನಾನು ತಪ್ಪು ಮಾಡಿರಲಿಲ್ಲ.

ಹನ್ನೆರಡನೆಯ ದಿನ ಹೋದೆ. ಸಾರಿ ಕೇಳಲು ಅಲ್ಲ, ನನಗೆ ಒಂದು ವಿಷಯ ಗೊತ್ತಾಗಬೇಕಿತ್ತು. ಅವಳು ಬಾಗಿಲು ತೆಗೆದಳು, ಕೂರು ಎನ್ನಲಿಲ್ಲ. ನಾನೇ ಕೂತೆ.

"ಕಾಡು ಸುಟ್ಟ ಮೇಲೆ ಅವನು ಎಂತ ಮಾಡಿದ?"

"ಎಂತ ಮಾಡುವುದು. ಸುಟ್ಟ. ಪುಂಡ. ಹಿಡಿದು ಹಡಗಿಗೆ ತುಂಬಿದರು."

"ಕಾಗದದಲ್ಲಿ ಸುಟ್ಟ ಎಂದು ಮಾತ್ರ ಇದೆಯಾ? ಪೂರ್ತಿ ಓದು ಮಾರಾಯ್ತಿ."

ಬೈದುಕೊಳ್ಳುತ್ತ ಹುಡುಕಿದಳು. ಆ ಸಾಲನ್ನು ಎಷ್ಟೋ ಸಲ ನೋಡಿದ್ದವಳು, ಅರ್ಧಕ್ಕೇ ನಗುತ್ತಿದ್ದುದರಿಂದ ಕೊನೆಯವರೆಗೆ ಓದಿರಲಿಲ್ಲ. ಓದಿದಳು. ಅಪ್ಪಣೆಯಿಲ್ಲದೆ ದೊರೆಯ ಕಾಡು ಕಡಿದು ಸುಟ್ಟು ರೈ ಬಿತ್ತಿದ್ದಕ್ಕೆ. ರೈ ಎಂದರೆ ಅವರ ಕಪ್ಪು ಬ್ರೆಡ್ಡಿನ ಧಾನ್ಯ.

"ಬಿತ್ತಿದ ಎಂದು ಇದೆಯಲ್ಲ. ಹಾಗಾದರೆ ಪುಂಡ ಹೇಗಾದ? ರೈತ" ಎಂದೆ.

ಅವಳಿಗೆ ತಿಳಿಯಲಿಲ್ಲ. ತಿಳಿಯುವುದು ಹೇಗೆ. ಅವಳಿಗೆ ಹೊಲ ಎಂದರೆ ಟ್ರ್ಯಾಕ್ಟರ್. ನಾನು ನನ್ನ ಅಜ್ಜನ ಕುಮರಿಯ ವಿಷಯ ಹೇಳಿದೆ. ಚಳಿಯ ತಿಂಗಳಲ್ಲಿ ಗುಡ್ಡದ ಓರೆಯಲ್ಲಿ ಒಂದು ತುಂಡು ಕಾಡು ಸವರುವುದು. ದೊಡ್ಡ ಮರದ ಬುಡ ಬಿಟ್ಟು ಕೊಂಬೆ ಮಾತ್ರ ಕಡಿಯುವುದು. ಬಿಸಿಲಿಗೆ ಒಣಗಲು ಬಿಡುವುದು. ಮಳೆಗೆ ಮುಂಚೆ ಬೆಂಕಿ. ಬೂದಿ ಆರಿತೋ ಇಲ್ಲವೋ ಎಂದು ಬರಿಗಾಲು ಇಟ್ಟು ನೋಡುವುದು. ಉಳುವುದಿಲ್ಲ, ಗೊಬ್ಬರವಿಲ್ಲ, ಬೂದಿಯ ಮೇಲೆ ರಾಗಿ ಎರಚುವುದು. ಎರಡು ಬೆಳೆ ತೆಗೆದು ಆ ಜಾಗ ಕಾಡಿಗೇ ಬಿಟ್ಟು ಮುಂದೆ ಹೋಗುವುದು. ಹತ್ತು ಹನ್ನೆರಡು ವರ್ಷದ ಮೇಲೆ ಬಂದರೆ ಅಲ್ಲಿ ಮತ್ತೆ ಕಾಡು. ಬ್ರಿಟಿಷರು ಬಂದು ಕಾಡು ತಮ್ಮದು, ಕುಮರಿ ಅಪರಾಧ ಎಂದರು. ಅಜ್ಜನನ್ನು ಗಾರ್ಡು ಹಗ್ಗ ಹಾಕಿ ಕಾರವಾರಕ್ಕೆ ನಡೆಸಿಕೊಂಡು ಹೋದ. ಮೂರು ತಿಂಗಳು ಜೈಲು. ಹಿಂದಿರುಗಿ ಬಂದವನು ಅಂಗಳದಲ್ಲಿ ನಿಂತು ಅಜ್ಜಿಗೆ ಹೇಳಿದ ಮೊದಲ ಮಾತು, ಬೀಜ ಇಟ್ಟಿದ್ದೀಯಾ ಎಂದು. ಅಜ್ಜಿ ಇಟ್ಟಿದ್ದಳು. ಮುಂದಿನ ವರ್ಷ ಅವನು ಇನ್ನೂ ಒಳಗಿನ ಗುಡ್ಡಕ್ಕೆ ಹೋಗಿ ಸುಟ್ಟ.

"ನಿಮ್ಮ ಮನೆಯಲ್ಲಿ ಇದನ್ನು ಹೇಳಿಕೊಳ್ಳುತ್ತಿದ್ದಿರಾ?" ಎಂದು ಕೇಳಿದಳು.

"ಮುಚ್ಚಿಡಲು ಎಂತ ಇದೆ? ನಾವು ಉಂಡದ್ದು ಆ ರಾಗಿ."

ಅವಳು ಬ್ರೆಡ್ ಪೆಟ್ಟಿಗೆ ನೋಡಿದಳು. ಆಮೇಲೆ ಕಣ್ಣು ಮೇಲಕ್ಕೆತ್ತಿದಳು. ನಾನು ಸುಳ್ಳು ಹೇಳುತ್ತಿದ್ದೇನೋ ಎಂದು ಕನ್ನಡಿಯಲ್ಲಿ ನೋಡಿಕೊಂಡಳು. ಕೆಳಗೆ ಇಳಿಸಿದಾಗ ಮುಖ ಬೇರೆ ಇತ್ತು. ಇದ್ದಿಲು ಸುಡುವಾಗ ತನ್ನ ಅಪ್ಪನೂ ಬರಿಗಾಲು ಇಟ್ಟೇ ಬೂದಿ ನೋಡುತ್ತಿದ್ದ ಎಂದಳು. ಅಷ್ಟೇ.

ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದಳು. ಅವನು ಮನೆಗೇ ಬಂದ. ಟೈ ಕಟ್ಟಿದ, ಮೆತ್ತಗೆ ಮಾತಾಡುವ ಮನುಷ್ಯ. ಪೆಟ್ಟಿಗೆ ನೋಡಿದ, ಹಾಳೆಗಳ ಫೋಟೋ ನೋಡಿದ. ಅವನು ದಡ್ಡನಲ್ಲ, ಅವನಿಗೂ ತಿಳಿಯಿತು. ತಿಳಿದ ಮೇಲೆಯೇ ಹೇಳಿದ, ಹೆಸರು ಎರಡೂ ಒಂದೇ, ಅರ್ಜಿ ಪಾಸಾಗಿದೆ, ಸರ್ಟಿಫಿಕೇಟ್ ಪ್ರಿಂಟ್ ಆಗಿದೆ, ಪೆಟ್ಟಿಗೆಯ ಗೆರೆ ಯಾರು ನೋಡುತ್ತಾರೆ. ಈ ಇನ್ನೊಬ್ಬನನ್ನು ಹಿಡಿದರೆ ಮತ್ತೆ ಕಮಿಟಿ, ಮತ್ತೆ ಎರಡು ವರ್ಷ, ಅದೂ ಅಂಥವನಿಗಾಗಿ. ನನ್ನ ಕಡೆ ನೋಡಿ ಒಂದು ನಗೆ ನಕ್ಕ, ನೀವಾದರೂ ಹೇಳಿ ಎಂಬಂತೆ. ನಾನು ನಗಲಿಲ್ಲ.

ಅವನು ಹೋದ ಮೇಲೆ ಅಕ್ಕ ಗೋಡೆಯ ಮೊಳೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿದಳು, ಗಟ್ಟಿಯಿದೆಯೇ ಎಂದು. ಒಪ್ಪಿಕೊಂಡಳು ಎಂದೇ ನಾನು ತಿಳಿದೆ. ಬೇಜಾರಾಯಿತು, ಆದರೆ ಹೇಳಲಿಲ್ಲ. ಎಪ್ಪತ್ತೆಂಟು ವರ್ಷದವಳಿಗೆ ಇನ್ನೂ ಎರಡು ವರ್ಷ ಕಾಯಿ ಎಂದು ಹೇಳುವ ಹಕ್ಕು ನನಗಿಲ್ಲ.

ಊಟ ಒಂದು ಹೋಟೆಲಿನ ಹಾಲಿನಲ್ಲಿ. ಮೇಜಿಗೊಂದು ಸ್ವೀಡನ್ನಿನ ನೀಲಿ ಹಳದಿ ಬಾವುಟ. ಬಟಾಟೆ, ಹುಳಿ ಹಿಡಿಸಿದ ಮೀನು. ಮೀನು ನಾನು ಮುಟ್ಟಲಿಲ್ಲ, ಅಂಕೋಲೆಯವಳಿಗೆ ಆ ಮೀನು ಅವಮಾನ. ಹೊಸಬರ ಹೆಸರು ಕರೆಯುತ್ತಿದ್ದರು. ಒಬ್ಬೊಬ್ಬರೂ ಹೋಗಿ, ಸರ್ಟಿಫಿಕೇಟ್ ತೆಗೆದುಕೊಂಡು, ಮೈಕಿನಲ್ಲಿ ತಮ್ಮ ಮೂಲಪುರುಷನ ಹೆಸರು ಹೇಳಿ ಬರುವುದು. ಚಪ್ಪಾಳೆ. ಅಕ್ಕನ ಸರದಿ ಬಂತು. ಹೋದಳು, ತೆಗೆದುಕೊಂಡಳು, ಅಕ್ಷರ ಅಕ್ಷರ ಓದಿದಳು. ಹಾಲಿನವರೆಲ್ಲ ಕಾಯುತ್ತಿದ್ದರು. ಅವಳ ತುಟಿ ಅಲ್ಲಾಡಿತು, ಅಲ್ಲಿದ್ದವರನ್ನು ಎಣಿಸುತ್ತಿದ್ದಾಳೆ ಎಂದು ನನಗೊಬ್ಬಳಿಗೇ ಗೊತ್ತು. ಆಮೇಲೆ ಮೈಕು ಹಿಡಿದಳು.

"ಇದರಲ್ಲಿ ಬರೆದಿರುವ ಲಾರ್ಸ್ ಒಳ್ಳೆಯವನಿರಬಹುದು. ನನ್ನವನಲ್ಲ. ನನ್ನವನು ಕಾಡು ಸುಟ್ಟು ರೈ ಬಿತ್ತಿದವನು. ಹಿಡಿದು ಕಳಿಸಿದರು, ಬಂದ. ನಿಮ್ಮ ಕಾರ್ಯದರ್ಶಿಗೂ ಇದು ಗೊತ್ತು. ಅವನ ಹೆಸರಿನಲ್ಲಿ ಕೊಡುವುದಾದರೆ ಕೊಡಿ, ಇಲ್ಲದಿದ್ದರೆ ಇದನ್ನು ನೀವೇ ಇಟ್ಟುಕೊಳ್ಳಿ."

ಯಾರೋ ಕೆಮ್ಮಿದರು. ಕಾರ್ಯದರ್ಶಿ ಓಡಿ ಬಂದು ಅವಳ ಮೊಣಕೈ ಹಿಡಿದು, ದಯವಿಟ್ಟು ಕೂತುಕೊಳ್ಳಿ, ಆಮೇಲೆ ಮಾತಾಡೋಣ ಎಂದ.

"ಮೂವತ್ತೊಂದು ವರ್ಷ ನಾನು ಎಲ್ಲರನ್ನೂ ಕೂರಿಸಿದ್ದೇನೆ" ಎಂದಳು ಅವಳು. "ಇವತ್ತು ಕೂರುವುದಿಲ್ಲ."

ಸರ್ಟಿಫಿಕೇಟನ್ನು ಮೇಜಿನ ಮೇಲೆ ಮಗುಚಿ ಇಟ್ಟು ನನ್ನ ಕಡೆ ಬಂದು ಏಳು ಎಂದಳು. ಎದ್ದೆ. ಕಾರಿಗೆ ಹೋಗಿ ಹಿಂದೆ ಕೂತೆ. ಅರ್ಧ ದಾರಿ ಕಳೆದ ಮೇಲೆ ಅವಳ ಭುಜ ಕುಣಿಯತೊಡಗಿತು. ಕನ್ನಡಿಯಲ್ಲಿ ನೋಡಿದೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಯಾರೂ ಕಿಟಕಿ ತೆಗೆಯಲಿಲ್ಲ ನೋಡು ಎಂದಳು.

ದಾರಿಯಲ್ಲಿ ದನಕುದುರೆಗಳ ಮೇವು ಮಾರುವ ಅಂಗಡಿಯೊಂದರ ಮುಂದೆ ನಿಲ್ಲಿಸಿ ಒಂದು ಚಿಕ್ಕ ಚೀಲ ರೈ ಬೀಜ ಕೊಂಡಳು. ನಿನ್ನ ಅಜ್ಜ ಮಾಡಿದ ಹಾಗೇ ಮಾಡಿ ತೋರಿಸು ಎಂದಳು. ಜಾಗ ಎಲ್ಲಿದೆ ಎಂದೆ. ಬೇಲಿಯ ನಮ್ಮ ಕಡೆ, ಹಿತ್ತಲ ಮೂಲೆಯಲ್ಲಿ, ಬಿಸಿಲು ಬೀಳುವ ಕಡೆ, ಎರಡು ಮಂಚದಷ್ಟು ಮುಳ್ಳುಪೊದೆ ಇತ್ತು. ಮುಂದಿನ ವಾರವೇ ಇಬ್ಬರೂ ಸೇರಿ ಸವರಿದೆವು. ಅವಳು ಕತ್ತರಿಸುವಳು, ನಾನು ಹರವುವೆ. ಮಗಳು ಕಿಟಕಿಯಿಂದ ನೋಡಿ ತಲೆ ಚಚ್ಚಿಕೊಂಡಳು, ಇಲ್ಲಿ ಬಯಲಲ್ಲಿ ಬೆಂಕಿ ಹಾಕುವ ಹಾಗಿಲ್ಲ ಅಮ್ಮಾ, ಫೈನ್ ಹಾಕ್ತಾರೆ ಎಂದಳು. ಅಕ್ಕನಿಗೆ ಅದನ್ನು ಹೇಳಿದೆ. ಬೆಂಕಿ ಲಾರ್ಸನಿಗೂ ಹೀಗೇ ಹೇಳಿರುತ್ತಾರೆ ಎಂದಳು.

ಒಣಗಬೇಕಲ್ಲ, ಒಂದು ತಿಂಗಳು ಬಿಟ್ಟೆವು. ಆ ತಿಂಗಳೊಳಗೆ ಅವಳು ಹೋದಳು. ಗುರುವಾರ ಬೆಳಿಗ್ಗೆ ಅವಳ ನ್ಯೂಸ್ ಪೇಪರ್ ಬಾಗಿಲಲ್ಲೇ ಬಿದ್ದಿತ್ತು. ಒಳಗೆ ಹೋಗಿ ನಾನೇ ಮೊದಲು ನೋಡಿದ್ದು.

ಮಣ್ಣಿನ ದಿನ ಚರ್ಚಿಗೆ ಹೋದೆವು. ಅವಳಿಗೆ ಇದ್ದದ್ದು ಒಬ್ಬ ತಮ್ಮನ ಮಗಳು, ಮ್ಯಾನ್‌ಹಟನ್ನಿನಲ್ಲಿ ಬ್ಯಾಂಕಿನಲ್ಲಿ ಕೆಲಸ, ವರ್ಷಕ್ಕೊಮ್ಮೆ ಕಾರ್ಡು ಕಳಿಸುವವಳು. ಬಾಗಿಲಲ್ಲಿ ಹಂಚಿದ ಹಾಳೆಯಲ್ಲಿ ಅಕ್ಕನ ಫೋಟೋ, ಕೆಳಗೆ ಎರಡು ಸಾಲು. ಜಮೀನಿನ ಲಾರ್ಸನ ವಂಶದವಳು ಎಂದು. ಮುಂದೆ ಹೋಗಿ ನೋಡಿದರೆ ಶವಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ ಅದೇ ಸರ್ಟಿಫಿಕೇಟ್, ಗಾಜಿನ ಫ್ರೇಮು ಹಾಕಿಸಿ. ಸಂಘದವರು ಅಂಚೆಯಲ್ಲಿ ಕಳಿಸಿದ್ದರಂತೆ, ದೊಡ್ಡ ಮನಸ್ಸು ಮಾಡಿ.

ನಾನು ಆ ಹುಡುಗಿಗೆ ಹೇಳಿದೆ, ಇದು ಅವಳದಲ್ಲ, ಅವಳು ಬೇಡ ಎಂದು ಬಿಟ್ಟು ಬಂದದ್ದು. ಹುಡುಗಿ ನನ್ನ ಕೈ ಹಿಡಿದುಕೊಂಡಳು. ಕೆಟ್ಟವಳಲ್ಲ. "ಅತ್ತೆಗೆ ಇದೇ ಆಸೆಯಿತ್ತು. ಕೊನೆಗೆ ತಲೆ ಸ್ವಲ್ಪ ಸರಿಯಿರಲಿಲ್ಲ. ಈಗಲಾದರೂ ಸಿಗಲಿ ಬಿಡಿ."

ತಲೆ ಸರಿಯಿತ್ತು ಎಂದೆ. ಫ್ರೇಮನ್ನು ಮಗುಚಿ ಇಟ್ಟೆ, ಅವಳು ಇಟ್ಟ ಹಾಗೆ. ಮಗಳು ನನ್ನ ಸೆರಗು ಜಗ್ಗಿದಳು. ನಾನು ಕುರ್ಚಿಗೆ ಬಂದು ಕೂರುವಷ್ಟರಲ್ಲಿ ಯಾರೋ ಅದನ್ನು ಮತ್ತೆ ನಿಲ್ಲಿಸಿದ್ದರು.

ಸಂಜೆ ಹುಡುಗಿ ಮನೆ ಖಾಲಿ ಮಾಡಿಸುತ್ತಿದ್ದಳು. ಕಾಗದವೆಲ್ಲ ಕಪ್ಪು ಚೀಲದಲ್ಲಿ. ಬ್ರೆಡ್ ಪೆಟ್ಟಿಗೆ ಹೊರಗೆ ಕಸದ ಡಬ್ಬದ ಪಕ್ಕ. ಇದು ನಮಗೆ ಬೇಕು ಎಂದೆ. ತೆಗೆದುಕೊಳ್ಳಿ, ಹಳೆಯದು, ಹುಳ ಬಿದ್ದಿರಬಹುದು ಎಂದಳು. ಮನೆಗೆ ತಂದು ಮುಚ್ಚಳ ತೆಗೆದೆ. ಬ್ರೆಡ್ಡು ಇರಲಿಲ್ಲ. ರೈ ಚೀಲ ಇತ್ತು, ಬಾಯಿ ಕಟ್ಟಿ ಒಣಗಿದ ಜಾಗದಲ್ಲಿ ಇಟ್ಟಿದ್ದಳು.

ಮರುದಿನ ಬೆಳಿಗ್ಗೆ ಮಗಳು ಡ್ಯೂಟಿಗೆ ಹೋದಳು, ಅಳಿಯ ಹೋಟೆಲಿಗೆ. ಗಾಳಿ ಇರಲಿಲ್ಲ. ಎರಡು ಬಕೆಟ್ ನೀರು, ಹಿತ್ತಲ ಪೈಪು ಹತ್ತಿರ ಇಟ್ಟುಕೊಂಡೆ. ಅಂಚಿನ ಎಲೆಗಳನ್ನು ಗುಡಿಸಿ ದೂರ ಮಾಡಿದೆ. ಚರ್ಚಿನಲ್ಲಿ ಹಂಚಿದ ಹಾಳೆಯನ್ನು ಸುರುಳಿ ಸುತ್ತಿ ಕಡ್ಡಿ ಗೀರಿ ಗುಡ್ಡೆಗೆ ಇಟ್ಟೆ. ಒಣ ಮುಳ್ಳು, ಚಟಚಟ ಹತ್ತಿತು. ಹೊಗೆ ನೆಟ್ಟಗೆ ಮೇಲೆ ಹೋಯಿತು. ಅರ್ಧ ತಾಸಿನಲ್ಲಿ ಇಳಿಯಿತು. ಬೂದಿ ಎಳೆದು ಹರವಿ, ಆರಲು ಬಿಟ್ಟು, ಚಪ್ಪಲಿ ಕಳಚಿ ಕಾಲಿಟ್ಟು ನೋಡಿದೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಅರ್ಧ ಚೀಲ ಎರಚಿದ್ದೆ, ಫೈರ್ ಎಂಜಿನ್ ಬಂದು ರಸ್ತೆಯಲ್ಲಿ ನಿಂತಿತು.

ಒಬ್ಬ ಎತ್ತರದ ಗಂಡಸು ಹಿತ್ತಲಿಗೆ ಬಂದ. ಬೂದಿ ನೋಡಿದ, ಬಕೆಟ್ ನೋಡಿದ, ನನ್ನ ಬರಿಗಾಲು ನೋಡಿದ. ಪಕ್ಕದ ಮನೆಯ ಖಾಲಿ ಕಿಟಕಿಗಳ ಕಡೆಯೂ ನೋಡಿದ. ಇಲ್ಲಿ ಬೆಂಕಿ ಹಾಕಬಾರದು ಎಂದು ಗೊತ್ತೇ ಎಂದು ಕೇಳಿದ. ಗೊತ್ತು ಎಂದೆ. ಮತ್ತೆ ಏನು ಮಾಡುತ್ತಿದ್ದೀರಿ ಎಂದ.

"ಬಿತ್ತುತ್ತಿದ್ದೇನೆ."

ಅವನು ನಿಟ್ಟುಸಿರು ಬಿಟ್ಟು ಒಂದು ಕಾಗದ ಬರೆದ. ಅಪ್ಪಣೆಯಿಲ್ಲದೆ ಬೆಂಕಿ ಹಾಕಿದ್ದಕ್ಕೆ ಎಂದು ಓದಿ ಹೇಳಿದ. ಕೆಳಗೆ ಸಹಿ ಮಾಡಿ ಎಂದು ಪೆನ್ನು ಕೊಟ್ಟ. ನಾನು ಯಾವಾಗಲೂ ಕನ್ನಡದಲ್ಲಿ ಹೆಸರು ಬರೆಯುವವಳು. ಆವತ್ತು ಬರೆಯಲಿಲ್ಲ. ನೆಟ್ಟಗೆ ಒಂದು ಗೆರೆ ಎಳೆದೆ, ಎಡಕ್ಕೆರಡು, ಬಲಕ್ಕೆರಡು ಓರೆ ಗೆರೆ ಎಳೆದೆ. ಇನ್ನೊಂದು ಸೇರಿಸಿದೆ.

ಇದೇನು ಎಂದ.

ನಮ್ಮ ಗುರುತು ಎಂದೆ. ಅವನು ಹೋದ ಮೇಲೆ ಉಳಿದ ಅರ್ಧ ಚೀಲ ಬಿತ್ತಿ ಮುಗಿಸಿದೆ.